ಒಂದೇ ಒಪ್ಪಂದ, ಎರಡು ಪಟ್ಟಿ: ಕ್ರೀಕ್ ನಾಡಿನ ಕಪ್ಪು ಜನರ ಪೌರತ್ವದ ತಕರಾರು

2025ರ ಜುಲೈ 23ರಂದು ಅಮೆರಿಕದ ಒಕ್ಲಹೋಮದಿಂದ ಒಂದು ತೀರ್ಪಿನ ಸುದ್ದಿ ಬಂತು. ಮಸ್ಕೋಗಿ ಕ್ರೀಕ್ ನೇಷನ್ ಎಂಬ ಮೂಲನಿವಾಸಿ ಬುಡಕಟ್ಟಿನ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಅದು. ಹಿಂದೆ ಕ್ರೀಕ್ ಜನರ ಬಳಿ ಗುಲಾಮರಾಗಿದ್ದ ಆಫ್ರಿಕನ್ ಮೂಲದವರ ವಂಶಸ್ಥರಿಗೂ ಬುಡಕಟ್ಟಿನ ಪೌರತ್ವ ಸಿಗಬೇಕು ಎಂದು ಕೋರ್ಟು ಹೇಳಿತು. ಈ ವಂಶಸ್ಥರನ್ನು ಅಲ್ಲಿ ‘ಫ್ರೀಡ್‌ಮೆನ್’ ಎಂದು ಕರೆಯುತ್ತಾರೆ.

ಸುದ್ದಿ ಓದಿದವರಿಗೆ ಒಂದರ ಹಿಂದೆ ಒಂದು ಪ್ರಶ್ನೆ ಹುಟ್ಟಿದ್ದು ಸಹಜ. ಬುಡಕಟ್ಟಿಗೆ ಅದರದ್ದೇ ಸುಪ್ರೀಂ ಕೋರ್ಟು ಇದೆಯಾ? ಮೂಲನಿವಾಸಿಗಳೂ ಗುಲಾಮರನ್ನು ಇಟ್ಟುಕೊಂಡಿದ್ದರಾ? ಒಬ್ಬರು ಬಿಳಿಯರಿಂದ ನೆಲ ಕಳೆದುಕೊಂಡವರು, ಇನ್ನೊಬ್ಬರು ಬಿಳಿಯರ ಹಡಗಿನಲ್ಲಿ ಸರಪಳಿ ಹಾಕಿಸಿಕೊಂಡು ಬಂದವರು. ಇಬ್ಬರೂ ಒಂದೇ ಕಡೆ ನಿಲ್ಲಬೇಕಿತ್ತು ಅಲ್ವಾ? ಕೋರ್ಟಿನಲ್ಲಿ ಎದುರುಬದುರು ನಿಂತಿದ್ದು ಹೇಗೆ?

ಇದು ಜನಾಂಗದ ಜಗಳದಂತೆ ಕಾಣುತ್ತದೆ. ಬಿಡಿಸುತ್ತಾ ಹೋದರೆ ನೆಲ, ಎಣ್ಣೆ, ತೆರಿಗೆ, ಆಸ್ಪತ್ರೆ, ಮತದಾನದ ಲೆಕ್ಕ ಹೊರಬರುತ್ತದೆ. ಒಂದು ಕಾಲದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬದುಕುತ್ತಿದ್ದ ಎರಡು ಸಮುದಾಯಗಳನ್ನು ಸರ್ಕಾರದ ಒಂದು ಪಟ್ಟಿ ಹೇಗೆ ಬೇರೆ ಮಾಡಿತು ಎಂಬುದೇ ಇದರ ತಿರುಳು.

ಕ್ರೀಕ್ ಜನ ಯಾರು

ಕ್ರೀಕ್ ಎನ್ನುವುದು ಇಂಗ್ಲಿಷರು ಇಟ್ಟ ಹೆಸರು. ಈ ಜನ ತಮ್ಮನ್ನು ಮಸ್ಕೋಗಿ ಎಂದೇ ಕರೆದುಕೊಳ್ಳುತ್ತಾರೆ. ಇಂದಿನ ಅಲಬಾಮಾ ಮತ್ತು ಜಾರ್ಜಿಯಾ ರಾಜ್ಯಗಳ ನದಿ ದಂಡೆಗಳಲ್ಲಿ ಹತ್ತಾರು ಊರುಗಳು ಸೇರಿ ಕಟ್ಟಿಕೊಂಡಿದ್ದ ಒಕ್ಕೂಟ ಅವರದ್ದು. ಪ್ರತಿ ಊರಿಗೂ ಅದರದ್ದೇ ಆಡಳಿತ. ಕುಲ ತಾಯಿಯ ಕಡೆಯಿಂದ ಬರುತ್ತದೆ. ತಾಯಿ ಯಾವ ಕುಲವೋ ಮಗುವೂ ಅದೇ ಕುಲ. ಈ ಅಂಶ ಮುಂದೆ ಮತ್ತೆ ಬೇಕಾಗುತ್ತದೆ.

ಇಂದು ಅವರ ರಾಜಧಾನಿ ಒಕ್ಲಹೋಮದ ಓಕ್ಮಲ್ಗಿ. ಪೌರರ ಸಂಖ್ಯೆ 1 ಲಕ್ಷಕ್ಕೂ ಜಾಸ್ತಿ. ಚುನಾಯಿತ ಮುಖ್ಯಸ್ಥ, ಶಾಸನಸಭೆ, ಕೋರ್ಟು, ಪೊಲೀಸ್, ಆಸ್ಪತ್ರೆ ಎಲ್ಲವೂ ಇವೆ. ಟಲ್ಸಾ ನಗರದಲ್ಲಿ ದೊಡ್ಡ ಕ್ಯಾಸಿನೊ ಕೂಡ ಇದೆ. ಅವರು ಅಮೆರಿಕದ ಪೌರರೂ ಹೌದು, ತಮ್ಮ ನೇಷನ್ನಿನ ಪೌರರೂ ಹೌದು. ಅಮೆರಿಕದ ಕಾನೂನಿನಲ್ಲಿ ಇಂಥ ಬುಡಕಟ್ಟುಗಳಿಗೆ ಸೀಮಿತವಾದರೂ ನಿಜವಾದ ಸಾರ್ವಭೌಮತ್ವ ಇದೆ. ಯಾರು ತಮ್ಮ ಪೌರರು ಎಂದು ತೀರ್ಮಾನಿಸುವ ಹಕ್ಕು ಅದರಲ್ಲಿ ಮುಖ್ಯವಾದದ್ದು. ತಕರಾರು ಎದ್ದಿರುವುದು ಅಲ್ಲೇ.

ಗುಲಾಮಗಿರಿ ಅಲ್ಲಿಗೆ ಬಂದ ಬಗೆ

ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಇಟ್ಟುಕೊಳ್ಳುವ ಪದ್ಧತಿ ಕ್ರೀಕ್ ಜನರಲ್ಲಿ ಹಳೆಯದು. ಸೆರೆಯಾಳನ್ನು ಯಾವುದಾದರೂ ಕುಲ ದತ್ತು ತೆಗೆದುಕೊಂಡರೆ ಅವನು ಆ ಕುಲದವನೇ ಆಗಿಬಿಡುತ್ತಿದ್ದ. ತಲೆಮಾರಿನಿಂದ ತಲೆಮಾರಿಗೆ ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಪದ್ಧತಿ ಬಂದಿದ್ದು ಬಿಳಿಯರ ಸಂಪರ್ಕದಿಂದ.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಕ್ರೀಕ್ ನಾಡಿನ ಆರ್ಥಿಕತೆ ಕುಸಿಯುತ್ತಿತ್ತು. ಜಿಂಕೆ ಚರ್ಮದ ವ್ಯಾಪಾರವನ್ನು ನೆಚ್ಚಿಕೊಂಡಿದ್ದವರಿಗೆ ಕಾಡಿನಲ್ಲಿ ಜಿಂಕೆಯೇ ಕಡಿಮೆಯಾಯಿತು, ಸಾಲ ಬೆಳೆಯಿತು. ಆಗ ಅಮೆರಿಕ ಸರ್ಕಾರ ಬೆಂಜಮಿನ್ ಹಾಕಿನ್ಸ್ ಎಂಬ ಅಧಿಕಾರಿಯನ್ನು 1796ರಲ್ಲಿ ಕಳಿಸಿತು. ಬೇಟೆ ಬಿಡಿ, ನೇಗಿಲು ಹಿಡಿಯಿರಿ, ಹತ್ತಿ ಬೆಳೆಯಿರಿ, ಬೇಲಿ ಹಾಕಿ ಎಂದು ಹೇಳಿಕೊಡುವುದು ಅವನ ಕೆಲಸ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೇಸಾಯ ಎಂದರೆ ಗುಲಾಮರ ದುಡಿಮೆ. ಹಾಕಿನ್ಸ್ ಸ್ವತಃ ಗುಲಾಮರನ್ನಿಟ್ಟುಕೊಂಡು ತೋಟ ನಡೆಸುತ್ತಿದ್ದ. ‘ನಾಗರಿಕತೆ’ಯ ಪಾಠದ ಜೊತೆಗೇ ಗುಲಾಮಗಿರಿಯೂ ಬಂತು.

ಎಲ್ಲ ಕ್ರೀಕರೂ ಅದನ್ನು ಒಪ್ಪಿಕೊಳ್ಳಲಿಲ್ಲ. ಬಿಳಿ ವ್ಯಾಪಾರಿಗಳ ಜೊತೆ ಸಂಬಂಧ ಬೆಳೆಸಿದ್ದ ಕೆಲವು ಕುಟುಂಬಗಳು ಶ್ರೀಮಂತವಾದವು, ಗುಲಾಮರನ್ನು ಕೊಂಡವು. ಉಳಿದವರು ಹಳೆಯ ರೀತಿಯಲ್ಲೇ ಇದ್ದರು. ಒಳಗಿನ ಈ ಬಿರುಕು 1813ರಲ್ಲಿ ಅಂತರ್ಯುದ್ಧವಾಗಿ ಸಿಡಿಯಿತು. ಅಮೆರಿಕದ ಸೈನ್ಯ ನಡುವೆ ನುಗ್ಗಿತು. 1814ರ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಕ್ರೀಕರು ಸುಮಾರು 2.3 ಕೋಟಿ ಎಕರೆ ಕಳೆದುಕೊಂಡರು. ಅಮೆರಿಕದ ಪರವಾಗಿ ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಹೋಯಿತು.

ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಕಳಿಸುವ 1830ರ ಕಾನೂನಿನಿಂದ ಉಳಿದ ನೆಲವೂ ಹೋಯಿತು. 1836-37ರಲ್ಲಿ ಸಾವಿರಾರು ಕ್ರೀಕರನ್ನು ಸೈನಿಕರ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು. ‘ಕಣ್ಣೀರಿನ ಹಾದಿ’ ಎಂದು ಹೆಸರಾದ ಆ ವಲಸೆಯಲ್ಲಿ ಗುಲಾಮರೂ ನಡೆದರು. ಒಡೆಯರ ಸಾಮಾನು ಹೊತ್ತರು, ದಾರಿ ಮಾಡಿದರು, ಅದೇ ಚಳಿ ಮತ್ತು ಕಾಯಿಲೆಗೆ ಸತ್ತರು.

1860ರ ಹೊತ್ತಿಗೆ ಕ್ರೀಕ್ ನಾಡಿನಲ್ಲಿ ಸುಮಾರು 1,500 ಗುಲಾಮರಿದ್ದರು. ಅವರ ಬದುಕು ಮಿಸಿಸಿಪಿಯ ಹತ್ತಿ ತೋಟದ ಗುಲಾಮರ ಬದುಕಿಗಿಂತ ಬೇರೆ ರೀತಿಯಲ್ಲಿತ್ತು. ಎಷ್ಟೋ ಮಂದಿ ತಮ್ಮದೇ ಗುಡಿಸಲಿನಲ್ಲಿದ್ದು, ತಮ್ಮದೇ ಹೊಲ ಉತ್ತು, ಬೆಳೆಯಲ್ಲಿ ಒಂದು ಭಾಗ ಒಡೆಯನಿಗೆ ಕೊಡುತ್ತಿದ್ದರು. ಆದರೂ ಅವರನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. ವರ್ಷ ಕಳೆದಂತೆ ಕಾನೂನು ಬಿಗಿಯಾಗುತ್ತಲೇ ಹೋಯಿತು. ಮೂಲನಿವಾಸಿಗಳ ಗುಲಾಮಗಿರಿ ಸೌಮ್ಯವಾಗಿತ್ತು ಎಂದು ಹೇಳಿ ಈ ಮಾತನ್ನು ಅಲ್ಲಿಗೇ ಮುಗಿಸುವುದು ಸರಿಯಲ್ಲ.

ಸಂಸ್ಕೃತಿ ಎಷ್ಟು ಬೆರೆತಿತ್ತು ಎಂಬುದಕ್ಕೆ ಲುಸಿಂಡಾ ಡೇವಿಸ್ ಎಂಬ ಹೆಂಗಸಿನ ಮಾತು ಸಾಕು. 1930ರ ದಶಕದಲ್ಲಿ, ಟಲ್ಸಾದಲ್ಲಿ, ಆಕೆಗೆ ತೊಂಬತ್ತರ ಹತ್ತಿರ ವಯಸ್ಸಾಗಿದ್ದಾಗ ಸರ್ಕಾರದ ಸಂದರ್ಶಕರು ಆಕೆಯ ನೆನಪುಗಳನ್ನು ಬರೆದುಕೊಂಡರು. ಆಕೆ ಒಬ್ಬ ಕುರುಡ ಕ್ರೀಕ್ ಮುದುಕನ ಮನೆಯಲ್ಲಿ ಗುಲಾಮಳಾಗಿ ಬೆಳೆದವಳು. ಬಾಲ್ಯದಲ್ಲಿ ಆಡಿದ್ದು ಕ್ರೀಕ್ ಭಾಷೆ. ತಿಂದಿದ್ದು ಮೆಕ್ಕೆಜೋಳದ ‘ಸೋಫ್ಕಿ’ ಗಂಜಿ. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಹನಿ ಸ್ಪ್ರಿಂಗ್ಸ್ ಕದನ ನಡೆದಾಗ ಪಕ್ಕದಲ್ಲೇ ಇದ್ದವಳು. ಬಣ್ಣದಿಂದ ಆಫ್ರಿಕನ್, ಮಾತು-ಊಟ-ನೆನಪಿನಿಂದ ಕ್ರೀಕ್. ಇಂಥವರನ್ನು ಯಾವ ಕಡೆಗೆ ಸೇರಿಸುತ್ತೀರಿ?

1866ರಲ್ಲಿ ಏನು ಬರೆಯಲಾಯಿತು

ಅಮೆರಿಕದ ಅಂತರ್ಯುದ್ಧ ಶುರುವಾದಾಗ ಕ್ರೀಕ್ ನಾಯಕರಲ್ಲಿ ಒಂದು ಗುಂಪು 1861ರ ಜುಲೈನಲ್ಲಿ ದಕ್ಷಿಣದ ಗುಲಾಮಗಿರಿ ಪರ ರಾಜ್ಯಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇನ್ನೊಂದು ಗುಂಪು ಓಪೋತ್ಲೆಯಹೋಲ ಎಂಬ ಹಿರಿಯ ನಾಯಕನ ಹಿಂದೆ ಹೊರಟಿತು. ಸಾವಿರಾರು ಕ್ರೀಕರು, ಅವರ ಜೊತೆ ಕಪ್ಪು ಜನರೂ, ಆ ಚಳಿಗಾಲದಲ್ಲಿ ಹೋರಾಡುತ್ತಾ ಕ್ಯಾನ್ಸಸ್ ಕಡೆ ಓಡಿದರು. ಎಷ್ಟೋ ಜನ ಹಿಮದಲ್ಲೇ ಸತ್ತರು.

ಯುದ್ಧ ಮುಗಿದ ಮೇಲೆ ಗೆದ್ದ ಅಮೆರಿಕ ಸರ್ಕಾರ ಎರಡೂ ಗುಂಪನ್ನು ಒಂದೇ ತಕ್ಕಡಿಯಲ್ಲಿಟ್ಟಿತು. 1866ರ ಜೂನ್ 14ರ ಒಪ್ಪಂದದಲ್ಲಿ ಕ್ರೀಕರು ತಮ್ಮ ನೆಲದ ಪಶ್ಚಿಮ ಅರ್ಧವನ್ನು, ಅಂದರೆ ಸುಮಾರು 32.5 ಲಕ್ಷ ಎಕರೆಯನ್ನು, ಎಕರೆಗೆ 30 ಸೆಂಟಿನಂತೆ ಬಿಟ್ಟುಕೊಡಬೇಕಾಯಿತು.

ಅದೇ ಒಪ್ಪಂದದ ಎರಡನೇ ಕಲಮು ಇಂದಿನ ತೀರ್ಪಿನ ಬುಡ. ಕ್ರೀಕ್ ನಾಡಿನಲ್ಲಿ ಇನ್ನು ಗುಲಾಮಗಿರಿ ಇಲ್ಲ. ಅಲ್ಲಿ ನೆಲೆಸಿರುವ, ಅಥವಾ ಒಂದು ವರ್ಷದೊಳಗೆ ಹಿಂದಿರುಗುವ ಆಫ್ರಿಕನ್ ಮೂಲದವರಿಗೂ ಅವರ ಸಂತತಿಗೂ ಹುಟ್ಟು ಪೌರರಿಗೆ ಇರುವ ಎಲ್ಲ ಹಕ್ಕು ಇರುತ್ತದೆ. ನೆಲದಲ್ಲೂ ನೇಷನ್ನಿನ ಹಣದಲ್ಲೂ ಸಮಪಾಲು ಇರುತ್ತದೆ. ಇಷ್ಟು ಸ್ಪಷ್ಟ. ‘ಸಂತತಿ’ ಎಂಬ ಪದವನ್ನೂ ಸೇರಿಸಿಯೇ ಬರೆದಿದ್ದಾರೆ.

ಇದನ್ನು ಬರೀ ವಾಷಿಂಗ್ಟನ್ನಿನವರು ಹೇರಿದ್ದು ಎನ್ನಲಾಗದು. ಮಾತುಕತೆಯ ಸಮಯದಲ್ಲಿ ದುಭಾಷಿಯಾಗಿದ್ದ ಹ್ಯಾರಿ ಐಲ್ಯಾಂಡ್, ನಾಯಕನಾಗಿದ್ದ ಕೌ ಟಾಮ್, ಇಬ್ಬರೂ ಕಪ್ಪು ಕ್ರೀಕರು. ತಮ್ಮವರ ಹಕ್ಕು ಕಾಗದದ ಮೇಲೆ ಬರುವಂತೆ ನೋಡಿಕೊಂಡವರು ಇವರು.

ನೆಲ ಎಲ್ಲರದ್ದಾಗಿದ್ದ ಕಾಲ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಎರಡು ಸಮುದಾಯಗಳ ಸ್ಥಿತಿಯನ್ನು ಹೋಲಿಸಲು ಈ ಅವಧಿಯಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ.

ದಕ್ಷಿಣದ ಉಳಿದ ರಾಜ್ಯಗಳಲ್ಲಿ ಬಿಡುಗಡೆಯಾದ ಗುಲಾಮರಿಗೆ ಏನು ಸಿಕ್ಕಿತು? 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಸಮುದ್ರ ತೀರದ ಒಂದು ಭಾಗದಲ್ಲಿ ಕುಟುಂಬಕ್ಕೆ 40 ಎಕರೆವರೆಗೆ ಕೊಡಲು ಆದೇಶ ಹೊರಡಿಸಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ನೆಲವನ್ನು ಹಳೆಯ ಒಡೆಯರಿಗೆ ವಾಪಸ್ ಕೊಡಿಸಿದ. ಕೈಯಲ್ಲಿ ನೆಲವಿಲ್ಲದವರು ಹಳೆಯ ಒಡೆಯನ ಹೊಲವನ್ನೇ ಪಾಲಿಗೆ ಮಾಡಿದರು. ಬೀಜಕ್ಕೂ ಹೇಸರಗತ್ತೆಗೂ ಅವನಿಂದಲೇ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಅವನೇ. ವರ್ಷದ ಕೊನೆಗೆ ಸಾಲ ತೀರುತ್ತಲೇ ಇರಲಿಲ್ಲ.

ಕ್ರೀಕ್ ನಾಡಿನಲ್ಲಿ ನೆಲ ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ, ಇಡೀ ನೇಷನ್ನಿನದ್ದು. ಪೌರನಾದವನು ಖಾಲಿ ಇರುವ ಕಡೆ ಬೇಲಿ ಹಾಕಿ ಉಳಬಹುದು. ಅವನು ಕಟ್ಟಿದ ಮನೆ, ಬೆಳೆದ ಬೆಳೆ ಅವನದ್ದು. ನೆಲವನ್ನು ಮಾತ್ರ ಮಾರುವಂತಿಲ್ಲ. ಕಪ್ಪು ಕ್ರೀಕರಿಗೂ ಇದೇ ನಿಯಮ. ಹೀಗಾಗಿ ಪಾಲಿನ ಬೇಸಾಯಕ್ಕೆ ಬೀಳಬೇಕಾದ ಅಗತ್ಯವೇ ಅವರಿಗೆ ಬರಲಿಲ್ಲ. ದನ ಸಾಕಿದರು, ಮೆಕ್ಕೆಜೋಳ ಬೆಳೆದರು, ಹಣ್ಣಿನ ತೋಟ ಮಾಡಿದರು.

ರಾಜಕೀಯದಲ್ಲೂ ಪಾಲಿತ್ತು. 1867ರ ಕ್ರೀಕ್ ಸಂವಿಧಾನದಲ್ಲಿ ಎರಡು ಸದನಗಳಿದ್ದವು, ರಾಜರ ಸದನ ಮತ್ತು ಯೋಧರ ಸದನ. ಊರುಗಳು ಪ್ರತಿನಿಧಿಗಳನ್ನು ಕಳಿಸುತ್ತಿದ್ದವು. ಕೆನೇಡಿಯನ್, ಅರ್ಕಾನ್ಸಾ, ನಾರ್ತ್ ಫೋರ್ಕ್ ಎಂಬ ಮೂರು ಕಪ್ಪು ಊರುಗಳಿಂದಲೂ ಪ್ರತಿನಿಧಿಗಳು ಹೋಗುತ್ತಿದ್ದರು. 1880ರ ದಶಕದಲ್ಲಿ ಟಲ್ಲಹಾಸಿ ಮಿಷನ್ ಶಾಲೆ ಕಪ್ಪು ಮಕ್ಕಳ ಶಾಲೆಯಾಯಿತು.

ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. ಶಾಲೆಗಳು ಬೇರೆ ಬೇರೆಯೇ ಇದ್ದವು. ಕಪ್ಪು ಊರುಗಳ ಮತ ಚುನಾವಣೆಯ ಫಲಿತಾಂಶ ಬದಲಿಸುತ್ತಿದ್ದುದರಿಂದ ಅಸಮಾಧಾನವೂ ಇತ್ತು. ಆದರೂ ಆರ್ಥಿಕ ಲೆಕ್ಕದಲ್ಲಿ ಇದು ದೊಡ್ಡ ಪ್ರಯೋಗ. ಗುಲಾಮಗಿರಿಯಿಂದ ಬಿಡುಗಡೆಯಾದವನಿಗೆ ನೆಲ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ಸಿಗುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಪಕ್ಕದ ಚೆರೋಕಿ ನೇಷನ್ನಿನಲ್ಲೂ ಇದೇ ಬಗೆಯ ವ್ಯವಸ್ಥೆ ಇತ್ತು. ಅಲ್ಲಿನ ದಾಖಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಮೆಲಿಂಡಾ ಮಿಲ್ಲರ್, ನೆಲ ಸಿಕ್ಕಿದ್ದರಿಂದ ಜನಾಂಗಗಳ ನಡುವಿನ ಆಸ್ತಿಯ ಅಂತರ ದಕ್ಷಿಣದ ರಾಜ್ಯಗಳಿಗಿಂತ ಅಲ್ಲಿ ಕಡಿಮೆ ಇತ್ತು ಎಂದು ತೋರಿಸಿದ್ದಾರೆ.

ಒಂದು ಕಾರ್ಡು, ಒಂದು ಕಾಲಂ

1893ರಲ್ಲಿ ಅಮೆರಿಕ ಸರ್ಕಾರ ಡಾಸ್ ಆಯೋಗ ರಚಿಸಿತು. ಬುಡಕಟ್ಟುಗಳ ಸಾಮೂಹಿಕ ನೆಲವನ್ನು ತುಂಡು ಮಾಡಿ ತಲೆಗಿಷ್ಟು ಎಂದು ಹಂಚುವುದು ಅದರ ಉದ್ದೇಶ. ಮಿಕ್ಕಿದ್ದು ಬಿಳಿಯರ ಕೈಗೆ ಬರಲಿ, ಒಕ್ಲಹೋಮ ರಾಜ್ಯವಾಗಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಬುಡಕಟ್ಟುಗಳು ಒಪ್ಪಲಿಲ್ಲ. 1898ರ ಕರ್ಟಿಸ್ ಕಾಯ್ದೆ ಒಪ್ಪಿಗೆಯ ಅಗತ್ಯವನ್ನೇ ತೆಗೆದುಹಾಕಿತು.

ಹಂಚಬೇಕಾದರೆ ಪಟ್ಟಿ ಬೇಕು. ಗುಮಾಸ್ತರು ಶಿಬಿರ ಹಾಕಿ ಕೂತರು. ಜನ ಸಾಲುಗಟ್ಟಿ ಬಂದು ಹೆಸರು ಬರೆಸಿದರು. ಪಟ್ಟಿ ಎರಡಾಯಿತು. ಒಂದು ‘ರಕ್ತಸಂಬಂಧಿ’ ಕ್ರೀಕರದ್ದು. ಇನ್ನೊಂದು ಫ್ರೀಡ್‌ಮೆನ್ನರದ್ದು. ಮೊದಲನೆಯ ಕಾರ್ಡಿನಲ್ಲಿ ಹೆಸರು, ವಯಸ್ಸಿನ ಜೊತೆ ರಕ್ತದ ಪ್ರಮಾಣ ಬರೆಯಲು ಒಂದು ಕಾಲಂ: ಪೂರ್ಣ, ಅರ್ಧ, ಕಾಲು, ಹೀಗೆ. ಫ್ರೀಡ್‌ಮೆನ್ ಕಾರ್ಡಿನಲ್ಲಿ ಆ ಕಾಲಂ ಇಲ್ಲ. ಅಲ್ಲಿ ಹಿಂದಿನ ಒಡೆಯ ಯಾರು ಎಂದು ಬರೆಯಬೇಕು.

ತಾಯಿ ಆಫ್ರಿಕನ್, ತಂದೆ ಅಥವಾ ಅಜ್ಜ ಕ್ರೀಕ್ ಆಗಿದ್ದವರು ಎಷ್ಟೋ ಜನ. ನೋಡಲು ಕಪ್ಪಗಿದ್ದರೆ ಸಾಮಾನ್ಯವಾಗಿ ಎರಡನೇ ಪಟ್ಟಿಗೆ. ಅವರಲ್ಲಿ ಕ್ರೀಕ್ ರಕ್ತ ಎಷ್ಟಿದೆ ಎಂದು ಬರೆಯಲು ಜಾಗವೇ ಇರಲಿಲ್ಲ. ಕ್ರೀಕರ ಹಳೆಯ ಲೆಕ್ಕದಲ್ಲಿ ತಾಯಿಯ ಕುಲ ಮುಖ್ಯ, ದತ್ತು ಮುಖ್ಯ. ಕಾಲು, ಅರ್ಧ ಎಂದು ರಕ್ತವನ್ನು ಅಳೆಯುವ ಅಭ್ಯಾಸ ತಂದದ್ದು ವಾಷಿಂಗ್ಟನ್. ಪಹಣಿಯ ಒಂದು ಕಾಲಂ ತಪ್ಪಾದರೆ ಎಷ್ಟು ತಲೆಮಾರು ಕಚೇರಿ ಅಲೆಯಬೇಕು ಎಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಇಲ್ಲೂ ಆದದ್ದು ಅದೇ.

ಅಂತಿಮ ಪಟ್ಟಿಯಲ್ಲಿ ರಕ್ತಸಂಬಂಧಿಗಳು ಸುಮಾರು 12,000, ಫ್ರೀಡ್‌ಮೆನ್ ಸುಮಾರು 6,800. ಅಂದರೆ ನೇಷನ್ನಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಎರಡನೇ ಪಟ್ಟಿಯಲ್ಲಿದ್ದರು. ಆಗ ಮಾತ್ರ ನೆಲದಲ್ಲಿ ಭೇದವಾಗಲಿಲ್ಲ. ಯಾವ ಪಟ್ಟಿಯಾದರೂ ತಲೆಗೆ 160 ಎಕರೆ. ಪಕ್ಕದ ಚಾಕ್ಟಾ, ಚಿಕಸಾ ನೇಷನ್ನುಗಳಲ್ಲಿ ಫ್ರೀಡ್‌ಮೆನ್ನರಿಗೆ ಸಿಕ್ಕಿದ್ದು ಬರೀ 40 ಎಕರೆ.

ಸಮಪಾಲು ಸಿಕ್ಕರೂ ಉಳಿಯಲಿಲ್ಲ ಯಾಕೆ

ಹಂಚಿಕೆಯಾದ ನೆಲವನ್ನು ಮೊದಲು ಕೆಲವು ವರ್ಷ ಮಾರುವಂತಿರಲಿಲ್ಲ, ತೆರಿಗೆಯೂ ಇರಲಿಲ್ಲ. 1905ರಲ್ಲಿ ಟಲ್ಸಾ ಹತ್ತಿರ ಗ್ಲೆನ್ ಪೂಲ್‌ನಲ್ಲಿ ಎಣ್ಣೆ ಚಿಮ್ಮಿದ ಮೇಲೆ ಎಲ್ಲರ ಕಣ್ಣು ಆ ನೆಲದ ಮೇಲೆ ಬಿತ್ತು. ಒಂದೊಂದಾಗಿ ರಕ್ಷಣೆ ಕಳಚಿತು. 1908ರ ಮೇ ತಿಂಗಳ ಕಾನೂನು ಫ್ರೀಡ್‌ಮೆನ್ನರ ನೆಲದ ಮೇಲಿನ ನಿರ್ಬಂಧಗಳನ್ನು ಪೂರ್ತಿ ತೆಗೆಯಿತು. ಅರ್ಧಕ್ಕಿಂತ ಕಡಿಮೆ ಕ್ರೀಕ್ ರಕ್ತದವರದ್ದೂ ಹೋಯಿತು. ಹೆಚ್ಚು ರಕ್ತ ಎಂದು ದಾಖಲಾದವರಿಗೆ ಮಾತ್ರ ರಕ್ಷಣೆ ಉಳಿಯಿತು.

ಪರಿಣಾಮ ಏನು? ನಿರ್ಬಂಧ ಹೋದ ತಕ್ಷಣ ನೆಲಕ್ಕೆ ತೆರಿಗೆ ಬಂತು, ಅಡವಿಡುವ ಅವಕಾಶ ಬಂತು, ಬರೆಯಲು ಬಾರದವನ ಹೆಬ್ಬೆಟ್ಟಿಗೆ ಬೆಲೆ ಬಂತು. ಏಜೆಂಟರು ಪಟ್ಟಿ ಹಿಡಿದುಕೊಂಡೇ ಮನೆ ಮನೆ ಅಲೆದರು. ಮಕ್ಕಳ ಹೆಸರಿನ ನೆಲಕ್ಕೆ ಸ್ಥಳೀಯ ಕೋರ್ಟುಗಳು ಪೋಷಕರನ್ನು ನೇಮಿಸಿದವು. ಹೆಚ್ಚಿನವರು ಬಿಳಿಯರು. ಮಗುವಿನ ಆದಾಯ ಅವರ ಕೈಯಲ್ಲೇ ಕರಗುತ್ತಿತ್ತು.

ಸಾರಾ ರೆಕ್ಟರ್ ಕಥೆ ಆಗ ಪತ್ರಿಕೆಗಳಲ್ಲೆಲ್ಲ ಬಂತು. 1902ರಲ್ಲಿ ಟಾಫ್ಟ್ ಎಂಬ ಕಪ್ಪು ಊರಿನ ಹತ್ತಿರ ಹುಟ್ಟಿದ ಹುಡುಗಿ. ಆಕೆಯ ಪಾಲಿಗೆ ಬಂದದ್ದು ಬೇಸಾಯಕ್ಕೆ ಒಗ್ಗದ ಕಲ್ಲು ನೆಲ. ತೆರಿಗೆ ಕಟ್ಟಲಾಗದೆ ತಂದೆ ಅದನ್ನು ಮಾರಲು ನೋಡಿದ್ದ. 1913ರಲ್ಲಿ ಅಲ್ಲಿ ದಿನಕ್ಕೆ 2,500 ಬ್ಯಾರೆಲ್ ಎಣ್ಣೆ ಬರತೊಡಗಿತು. ಹನ್ನೊಂದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 300 ಡಾಲರ್ ಆದಾಯ. ಲೆಕ್ಕ ನೋಡಿಕೊಳ್ಳಲು ಬಿಳಿಯ ಪೋಷಕ. ದೇಶದ ಕಪ್ಪು ಸಂಘಟನೆಗಳು ದನಿ ಎತ್ತಿದ್ದರಿಂದ ಆಕೆಯ ಆಸ್ತಿ ಏನಾಗುತ್ತಿದೆ ಎಂದು ಜನ ನಿಗಾ ಇಟ್ಟಿದ್ದರು. ಹೆಸರು ಪತ್ರಿಕೆಗೆ ಬರದ ಮಕ್ಕಳಿಗೆ ಅಂಥ ಅದೃಷ್ಟ ಇರಲಿಲ್ಲ.

ರಕ್ತಸಂಬಂಧಿ ಕ್ರೀಕರೂ ಭಾರಿ ಪ್ರಮಾಣದಲ್ಲಿ ನೆಲ ಕಳೆದುಕೊಂಡರು, ಇದನ್ನು ಮರೆಯಬಾರದು. ಆದರೆ ನಷ್ಟದ ವೇಗ ಬೇರೆ, ಆಮೇಲಿನ ದಾರಿ ಬೇರೆ. 1907ರಲ್ಲಿ ಒಕ್ಲಹೋಮ ರಾಜ್ಯವಾದಾಗ ಅದರ ಸಂವಿಧಾನ ಆಫ್ರಿಕನ್ ಮೂಲದವರನ್ನು ಒಂದು ಗುಂಪು ಎಂದಿತು. ಉಳಿದ ಎಲ್ಲರನ್ನೂ ‘ಬಿಳಿಯರು’ ಎಂದು ಕರೆಯಿತು. ಅಂದರೆ ಕಾನೂನಿನ ಪ್ರಕಾರ ಕ್ರೀಕನೂ ಬಿಳಿಯ. ಹೊಸ ಶಾಸನಸಭೆಯ ಮೊದಲ ಮಸೂದೆಯೇ ರೈಲಿನಲ್ಲಿ ಕಪ್ಪು ಜನರಿಗೆ ಪ್ರತ್ಯೇಕ ಬೋಗಿ. ಒಂದೇ ಊರಿನಲ್ಲಿ ಬೆಳೆದು, ಒಂದೇ ಭಾಷೆ ಆಡುತ್ತಿದ್ದ, ಎಷ್ಟೋ ಸಲ ರಕ್ತಸಂಬಂಧವೂ ಇದ್ದ ಇಬ್ಬರು ಬೇರೆ ಬೇರೆ ಬೋಗಿ ಹತ್ತಬೇಕಾಯಿತು. ಕಪ್ಪು ಸಂಬಂಧಿ ಇದ್ದಾನೆ ಎಂದು ಹೇಳಿಕೊಂಡರೆ ತನಗೇ ನಷ್ಟ ಎಂಬ ಪರಿಸ್ಥಿತಿ ಕ್ರೀಕರಿಗೆ ಬಂತು. ಎರಡು ಸಮುದಾಯಗಳ ನಡುವಿನ ಇಂದಿನ ದೂರಕ್ಕೆ ಇದು ದೊಡ್ಡ ಕಾರಣ ಎಂದೇ ಹೇಳಬೇಕು.

ಕಪ್ಪು ಕ್ರೀಕರ ನೆಲ ಮತ್ತು ಹಣ ಹುಟ್ಟುಹಾಕಿದ ಊರುಗಳೂ ಇದ್ದವು. ಬೋಲಿ ಎಂಬ ಪಟ್ಟಣ ನಿಂತಿದ್ದು ಅಬಿಗೇಲ್ ಬಾರ್ನೆಟ್ ಎಂಬ ಫ್ರೀಡ್‌ಮೆನ್ ಹುಡುಗಿಯ ಪಾಲಿನ ನೆಲದ ಮೇಲೆ. ಟಲ್ಸಾದ ಗ್ರೀನ್‌ವುಡ್ ಬಡಾವಣೆ ಬೆಳೆಯುವುದರಲ್ಲೂ ಕಪ್ಪು ಕ್ರೀಕರ ಪಾತ್ರವಿತ್ತು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಸುಮಾರು 35 ಬ್ಲಾಕುಗಳು ಬೂದಿಯಾದವು.

1979: ಬಾಗಿಲು ಮುಚ್ಚಿದ್ದು

ರಾಜ್ಯ ರಚನೆಯ ನಂತರ ಕ್ರೀಕ್ ಸರ್ಕಾರ ಹೆಸರಿಗಷ್ಟೇ ಉಳಿಯಿತು. ಮುಖ್ಯಸ್ಥನನ್ನು ಅಮೆರಿಕದ ಅಧ್ಯಕ್ಷರೇ ನೇಮಿಸುವ ಕಾಲ ಬಂತು. 1970ರ ಕಾನೂನಿನಿಂದ ಚುನಾವಣೆ ಮರಳಿತು. 1979ರಲ್ಲಿ ಹೊಸ ಸಂವಿಧಾನ ಬಂತು.

ಆ ಸಂವಿಧಾನ ಪೌರತ್ವವನ್ನು ‘ರಕ್ತಸಂಬಂಧಿ’ ಪಟ್ಟಿಯಲ್ಲಿದ್ದವರ ವಂಶಕ್ಕೆ ಮಾತ್ರ ಮೀಸಲಿಟ್ಟಿತು. ಹುದ್ದೆಗೆ ಸ್ಪರ್ಧಿಸಲು ಕನಿಷ್ಠ ಕಾಲು ಭಾಗ ರಕ್ತ ಬೇಕು ಎಂದಿತು. ಫ್ರೀಡ್‌ಮೆನ್ ಸಂತತಿ ಒಂದೇ ಏಟಿಗೆ ಹೊರಗಾಯಿತು. ಇದರ ಅರ್ಥ ಬರೀ ಒಂದು ಕಾರ್ಡು ಹೋಯಿತು ಎಂದಲ್ಲ. ಅಂದಿನಿಂದ ನೇಷನ್ ಬೆಳೆಯುತ್ತಲೇ ಹೋಗಿದೆ. ಆಸ್ಪತ್ರೆ, ಮನೆ ಯೋಜನೆ, ವಿದ್ಯಾರ್ಥಿವೇತನ, ಉದ್ಯೋಗದಲ್ಲಿ ಆದ್ಯತೆ, ವೃದ್ಧರಿಗೆ ನೆರವು ಎಲ್ಲವೂ ಪೌರತ್ವದ ಕಾರ್ಡಿಗೆ ಜೋಡಿಕೊಂಡಿವೆ. ನೆಲ ಕಳೆದುಕೊಂಡ ಎರಡು ಸಮುದಾಯಗಳಲ್ಲಿ ಒಂದಕ್ಕೆ ಮತ್ತೆ ಎದ್ದುನಿಲ್ಲಲು ಸ್ವಂತ ಸರ್ಕಾರವೊಂದು ಸಿಕ್ಕಿತು. ಇನ್ನೊಂದಕ್ಕೆ ಅದು ಸಿಗಲಿಲ್ಲ.

ಯಾರ ವಾದ ಏನು

ನೇಷನ್ನಿನ ಪರ ಮಾತಾಡುವವರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನಮ್ಮವರು ಯಾರು ಎಂದು ನಾವೇ ಹೇಳಬೇಕು, 1979ರ ಸಂವಿಧಾನಕ್ಕೆ ನಮ್ಮ ಜನ ಮತ ಹಾಕಿದ್ದಾರೆ ಎನ್ನುತ್ತಾರೆ ಅವರು. 1866ರ ಒಪ್ಪಂದ ಸೋತವರ ಕುತ್ತಿಗೆ ಮೇಲೆ ಕತ್ತಿ ಇಟ್ಟು ಬರೆಸಿಕೊಂಡದ್ದು ಎಂಬುದೂ ಸುಳ್ಳಲ್ಲ, ಅರ್ಧ ನೆಲ ಹೋಗಿದ್ದು ಅದರಲ್ಲೇ. ಗುಲಾಮಗಿರಿಯನ್ನು ಬೆಳೆಸಿದ್ದು ಬಿಳಿಯರ ಸರ್ಕಾರ, ಅದರ ಪರಿಹಾರದ ಭಾರ ಮಾತ್ರ ಬಡ ಬುಡಕಟ್ಟಿನ ಮೇಲೆ ಯಾಕೆ ಎಂದೂ ಕೇಳುತ್ತಾರೆ. ಭಾಷೆ, ಆಚರಣೆ ಉಳಿಸಿಕೊಳ್ಳಲು ಹೆಣಗುತ್ತಿರುವ ಸಣ್ಣ ಸಮುದಾಯಕ್ಕೆ ಒಮ್ಮೆಲೇ ಸಾವಿರಾರು ಜನ ಸೇರಿದರೆ ಏನಾದೀತು ಎಂಬ ಭಯವೂ ಇದೆ.

ಫ್ರೀಡ್‌ಮೆನ್ ಕಡೆಯವರ ಉತ್ತರ ಹೀಗಿದೆ. ನಾವು ಹೊರಗಿನಿಂದ ಬಂದು ಬಾಗಿಲು ಬಡಿಯುತ್ತಿಲ್ಲ, 1866ರಿಂದ 1979ರವರೆಗೆ ಒಳಗೇ ಇದ್ದೆವು. ನಮ್ಮ ಹಿರಿಯರು ಅದೇ ಕಣ್ಣೀರಿನ ಹಾದಿಯಲ್ಲಿ ನಡೆದರು, ಅದೇ ಸದನಗಳಲ್ಲಿ ಕೂತರು. ನಮ್ಮಲ್ಲೂ ಎಷ್ಟೋ ಮಂದಿಗೆ ಕ್ರೀಕ್ ರಕ್ತವಿದೆ, ಅದನ್ನು ಬರೆದುಕೊಳ್ಳಲಿಲ್ಲ ಅಷ್ಟೆ.

ಮೂರನೆಯ ಒಂದು ಸಂಗತಿ ಈ ತಕ್ಕಡಿಯನ್ನು ವಾಲಿಸಿತು. 2020ರ ಜುಲೈ 9ರಂದು ಮೆಗರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಮಹತ್ವದ ತೀರ್ಪು ಕೊಟ್ಟಿತ್ತು. ಕ್ರೀಕ್ ಮೀಸಲು ಪ್ರದೇಶವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಎಂದೂ ರದ್ದು ಮಾಡಿಲ್ಲ, ಟಲ್ಸಾದ ಬಹುಭಾಗವೂ ಸೇರಿದಂತೆ ಅದು ಇಂದಿಗೂ ಮೀಸಲು ಪ್ರದೇಶವೇ ಎಂದಿತು. ಹಳೆಯ ಒಪ್ಪಂದಗಳಲ್ಲಿ ಕೊಟ್ಟ ಮಾತಿಗೆ ಅಮೆರಿಕ ಬದ್ಧ ಎಂಬುದು ಅದರ ತಳಹದಿ. 1866ರ ಒಪ್ಪಂದ ಅವುಗಳಲ್ಲಿ ಒಂದು. ಇಡೀ ಕ್ರೀಕ್ ನಾಡು ಆ ದಿನ ಸಂಭ್ರಮಿಸಿತು. ಅದು ನ್ಯಾಯವಾದ ಸಂಭ್ರಮ.

ಹಾಗಾದರೆ ಒಂದೇ ಒಪ್ಪಂದದ ಒಂದು ಕಲಮು ಜೀವಂತ, ಇನ್ನೊಂದು ಕಲಮು ಸತ್ತಿದೆ ಎನ್ನಲು ಸಾಧ್ಯವಾ? ಫ್ರೀಡ್‌ಮೆನ್ ಪರ ವಕೀಲ ಡಮಾರಿಯೊ ಸೊಲೊಮನ್-ಸಿಮನ್ಸ್ ಇಟ್ಟ ವಾದದ ಗಟ್ಟಿತನ ಇಲ್ಲಿದೆ. ಅವರು ಕೌ ಟಾಮ್‌ನ ವಂಶದವರು. ಪೌರತ್ವ ಮಂಡಳಿ ಅರ್ಜಿ ತಿರಸ್ಕರಿಸಿದ್ದ ಇಬ್ಬರ ಪರವಾಗಿ ವಾದಿಸಿದರು. 2023ರ ಸೆಪ್ಟೆಂಬರಿನಲ್ಲಿ ನೇಷನ್ನಿನ ಜಿಲ್ಲಾ ಕೋರ್ಟು ಒಪ್ಪಿತು. 2025ರಲ್ಲಿ ನೇಷನ್ನಿನ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಪ್ಪಂದದಲ್ಲಿ ಕೊಟ್ಟ ಮಾತಿಗೆ ನೇಷನ್ ಕೂಡ ಬದ್ಧ ಎಂದಿತು.

ಸಾರ್ವಭೌಮತ್ವದ ಆತಂಕಕ್ಕೂ ಇಲ್ಲೇ ಒಂದು ಉತ್ತರವಿದೆ ಎನಿಸುತ್ತದೆ. 2017ರಲ್ಲಿ ಚೆರೋಕಿ ಫ್ರೀಡ್‌ಮೆನ್ನರ ಪರ ತೀರ್ಪು ಕೊಟ್ಟದ್ದು ವಾಷಿಂಗ್ಟನ್ನಿನ ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ನ್ಯಾಯಾಧೀಶರು. ಕ್ರೀಕ್ ಪ್ರಕರಣದಲ್ಲಿ ಹೊರಗಿನವರು ಹೇಳಿಲ್ಲ. ನೇಷನ್ನಿನ ಕೋರ್ಟೇ ತನ್ನ ಕಾನೂನನ್ನು ಓದಿ ಹೇಳಿದೆ. ಸಾರ್ವಭೌಮತ್ವ ಎಂದರೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯೂ ಹೌದು.

ಮುಂದೆ ಏನಾಗಬಹುದು

ತೀರ್ಪು ಬಂದ ಮಾತ್ರಕ್ಕೆ ಕಾರ್ಡು ಕೈಗೆ ಬರುವುದಿಲ್ಲ. ಸಂವಿಧಾನದ ಪದಗಳು, ಪೌರತ್ವ ಕಾಯ್ದೆ, ಅರ್ಜಿ ನಮೂನೆ ಎಲ್ಲವೂ ‘ರಕ್ತ’ದ ಸುತ್ತ ಕಟ್ಟಿದವು. ಒಂದೊಂದನ್ನೂ ತಿದ್ದಬೇಕು. ಅರ್ಜಿದಾರರು ಡಾಸ್ ಪಟ್ಟಿಯ ಹಿರಿಯರಿಂದ ತಮ್ಮವರೆಗೆ ಪ್ರತಿ ಕೊಂಡಿಯನ್ನೂ ಜನನ-ಮರಣ ದಾಖಲೆಗಳಿಂದ ತೋರಿಸಬೇಕು. ಊರು ಬಿಟ್ಟು ಚದುರಿಹೋದ ಬಡ ಕುಟುಂಬಗಳಿಗೆ ಇದು ವರ್ಷಗಳ ಕೆಲಸ.

ಎಷ್ಟು ಜನ ಸೇರಬಹುದು ಎಂಬ ಭಯಕ್ಕೆ ಚೆರೋಕಿ ಅನುಭವ ಒಂದು ಅಳತೆ ಕೊಡುತ್ತದೆ. ಅಲ್ಲಿ 10,000ಕ್ಕೂ ಹೆಚ್ಚು ಫ್ರೀಡ್‌ಮೆನ್ ವಂಶಸ್ಥರು ಪೌರರಾಗಿದ್ದಾರೆ. ನಾಲ್ಕು ಲಕ್ಷ ದಾಟಿದ ಆ ನೇಷನ್ ಅದರಿಂದ ಕುಸಿದಿಲ್ಲ. ಕ್ರೀಕ್ ನೇಷನ್ ಚಿಕ್ಕದು, ಫ್ರೀಡ್‌ಮೆನ್ನರ ಪ್ರಮಾಣ ಜಾಸ್ತಿ. ಹಾಗಾಗಿ ಆಸ್ಪತ್ರೆ, ಮನೆ ಯೋಜನೆಗಳ ಮೇಲೆ ಒತ್ತಡ ಬೀಳುವುದು ಖಂಡಿತ, ಮತದ ಲೆಕ್ಕವೂ ಬದಲಾಗಬಹುದು.

ಹೆಚ್ಚು ಗೋಜಲು ಇರುವುದು ಅಪರಾಧ ಪ್ರಕರಣಗಳಲ್ಲಿ. ಮೆಗರ್ಟ್ ತೀರ್ಪಿನ ನಂತರ ಮೀಸಲು ಪ್ರದೇಶದಲ್ಲಿ ಮೂಲನಿವಾಸಿಯೊಬ್ಬ ದೊಡ್ಡ ಅಪರಾಧ ಮಾಡಿದರೆ ವಿಚಾರಣೆ ಮಾಡುವುದು ಫೆಡರಲ್ ಅಥವಾ ಬುಡಕಟ್ಟಿನ ಕೋರ್ಟು. ಆದರೆ ಅಲ್ಲಿ ‘ಇಂಡಿಯನ್’ ಯಾರು ಎಂಬುದಕ್ಕೆ 1846ರ ರಾಜರ್ಸ್ ಪ್ರಕರಣದ ಅಳತೆಗೋಲು ಇಂದಿಗೂ ನಡೆಯುತ್ತದೆ. ಚೆರೋಕಿಗಳು ಒಳಗೆ ಸೇರಿಸಿಕೊಂಡಿದ್ದ ಬಿಳಿಯನೊಬ್ಬ ಇಂಡಿಯನ್ ಆಗುವುದಿಲ್ಲ, ಸ್ವಲ್ಪವಾದರೂ ಮೂಲನಿವಾಸಿ ರಕ್ತ ಬೇಕು ಎಂದಿತ್ತು ಆ ತೀರ್ಪು. ಅಂದರೆ ಫ್ರೀಡ್‌ಮೆನ್ ವಂಶಸ್ಥನೊಬ್ಬ ಕ್ರೀಕ್ ಚುನಾವಣೆಯಲ್ಲಿ ಮತ ಹಾಕಬಹುದು, ಕ್ರೀಕ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಬಂಧನವಾದರೆ ಮಾತ್ರ ಅವನನ್ನು ಒಕ್ಲಹೋಮ ರಾಜ್ಯದ ಕೋರ್ಟಿಗೆ ಒಯ್ಯುವ ಸಾಧ್ಯತೆ ಇದೆ. ಕ್ರೀಕ್ ಕೋರ್ಟು ತನ್ನ ಮಟ್ಟಿಗೆ ರಕ್ತದ ಕಾಲಂ ಅಳಿಸಿದರೂ ಫೆಡರಲ್ ಕಾನೂನಿನಲ್ಲಿ ಅದು ಹಾಗೇ ಉಳಿದಿದೆ. ಅದನ್ನು ತಿದ್ದಬೇಕಾದವರು ಓಕ್ಮಲ್ಗಿಯಲ್ಲಿಲ್ಲ, ವಾಷಿಂಗ್ಟನ್ನಿನಲ್ಲಿದ್ದಾರೆ.

ಉಳಿದ ಬುಡಕಟ್ಟುಗಳ ಮೇಲೂ ಈ ತೀರ್ಪಿನ ನೆರಳು ಬೀಳುತ್ತದೆ, ಆದರೆ ಒಂದೇ ರೀತಿಯಲ್ಲಿ ಅಲ್ಲ. ಸೆಮಿನೋಲ್ ನೇಷನ್ನಿನ ಸಭೆಯಲ್ಲಿ ಎರಡು ಫ್ರೀಡ್‌ಮೆನ್ ಗುಂಪುಗಳಿಗೆ ಸ್ಥಾನವಿದೆ, ಸೌಲಭ್ಯಗಳಲ್ಲಿ ಮಾತ್ರ ಸಮಪಾಲಿಲ್ಲ. ಅಲ್ಲಿನವರಿಗೆ ಕ್ರೀಕ್ ತೀರ್ಪು ನೇರ ಆಸರೆಯಾಗಬಹುದು, ಯಾಕೆಂದರೆ ಅವರ 1866ರ ಒಪ್ಪಂದದ ಮಾತೂ ಇದೇ ಬಗೆಯದ್ದು. ಚಾಕ್ಟಾ, ಚಿಕಸಾ ಒಪ್ಪಂದ ಹಾಗಿಲ್ಲ. ಫ್ರೀಡ್‌ಮೆನ್ನರನ್ನು ಸೇರಿಸಿಕೊಳ್ಳುವ ಆಯ್ಕೆಯನ್ನು ಅದು ಆ ನೇಷನ್ನುಗಳಿಗೇ ಬಿಟ್ಟಿತ್ತು. ಚಾಕ್ಟಾಗಳು 1883ರಲ್ಲಿ ಸೇರಿಸಿಕೊಂಡರು, ಇಪ್ಪತ್ತನೇ ಶತಮಾನದಲ್ಲಿ ರಕ್ತದ ನಿಯಮ ತಂದು ಮತ್ತೆ ಹೊರಗಿಟ್ಟರು. ಚಿಕಸಾಗಳ ಫ್ರೀಡ್‌ಮೆನ್ನರಿಗೆ ಪೌರತ್ವ ಎಂದೂ ಸಿಗಲೇ ಇಲ್ಲ. ಅವರ ವಂಶಸ್ಥರು ತೋರಿಸಲು ಕ್ರೀಕರ ಎರಡನೇ ಕಲಮಿನಂಥ ಒಂದು ಸಾಲು ಅವರ ಒಪ್ಪಂದದಲ್ಲಿಲ್ಲ.